ಗಿಳಿ ಸುಮ್ಮನಾದ ಮೇಲೆ

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಇಲಾಖೆಯ ಹಿರಿಯರೇ, ಅತಿಥಿಗಳೇ, ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ನನ್ನ ನಲಿ-ಕಲಿ ಶಿಕ್ಷಕ ಬಂಧುಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಗುರುಗಳಾದ ಅಮೀರುನ್ನಿಸಾ ಟೀಚರ್ ಅವರೇ, ಅವರ ಪಕ್ಕದಲ್ಲಿರುವ ನನ್ನ ತಾಯಿ ಚಂದಮ್ಮನವರೇ, ನಮ್ಮೂರಿನಿಂದ ಟಂಟಂ ಗಾಡಿ ಮಾಡಿಕೊಂಡು ಬಂದಿರುವ ತಾಯಂದಿರೇ ಮತ್ತು ಸಭಿಕರೇ,

ಎಲ್ಲರಿಗೂ ಪಂಚಶೀಲಾ ಹುಲೆಪ್ಪ ಎಂಬ ಈ ಶಿಕ್ಷಕಿಯ ವಂದನೆಗಳು.

ನಿರೂಪಕರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಶಿಕ್ಷಕರಿಗೆ ಹತ್ತು ನಿಮಿಷ ಕೊಟ್ಟರೆ ಅವರು ಒಂದು ಪೂರ್ತಿ ಪೀರಿಯಡ್ ತೆಗೆದುಕೊಳ್ಳುತ್ತಾರೆ ಎಂಬುದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು, ಯಾಕೆಂದರೆ ಕುಳಿತವರಲ್ಲಿ ಹೆಚ್ಚಿನವರು ಶಿಕ್ಷಕರೇ. ಆದ್ದರಿಂದ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸಣ್ಣ ಮಕ್ಕಳಿಗೆ ಕಂಪ್ಯೂಟರ್ ಆಟದಿಂದ ಓದು ಕಲಿಸುವುದು ಹೇಗೆ, ಇದು ನನಗೆ ಕೊಟ್ಟ ವಿಷಯ. ಇಂದಿನಿಂದ ಮೂರು ತಾಲೂಕುಗಳ ಅರವತ್ತು ಶಾಲೆಗಳಿಗೆ ನಮ್ಮ ಶಾಲೆಯಲ್ಲಿ ತಯಾರಾದ ಆಟ ಹೋಗಲಿದೆ. ಇದು ನನಗೆ ಹೆಮ್ಮೆಯ ದಿನ. ಹೆಮ್ಮೆಯ ದಿನ ಎಂದು ಹೇಳಲು ನಾನು ಹಿಂಜರಿಯುವುದಿಲ್ಲ. ಆದರೆ ಈ ಹೆಮ್ಮೆಗೆ ಮೊದಲು ಒಂದು ಅವಮಾನವಿತ್ತು. ಅದನ್ನು ಬಿಟ್ಟು ಹೇಳಿದರೆ ನೀವು ಆಟವನ್ನು ಒಯ್ಯುತ್ತೀರಿ, ಪಾಠವನ್ನು ಇಲ್ಲೇ ಬಿಟ್ಟು ಹೋಗುತ್ತೀರಿ.

ನಮ್ಮ ಶಾಲೆ ನೆಲೋಗಿಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆ. ಎರಡು ಕೋಣೆ, ಒಂದು ವರಾಂಡ, ಇಬ್ಬರು ಶಿಕ್ಷಕರು. ಮುಖ್ಯ ಗುರುಗಳು ಶಂಕರಲಿಂಗ ಸರ್, ಇನ್ನೊಬ್ಬಳು ನಾನು. ಒಂದರಿಂದ ಮೂರನೇ ತರಗತಿಯ ಮೂವತ್ತನಾಲ್ಕು ಮಕ್ಕಳು ನನ್ನ ಪಾಲಿನವರು. ಎರಡು ವರ್ಷದ ಹಿಂದೆ, ಊರಲ್ಲಿ ತೊಗರಿ ಬಿತ್ತನೆ ಮುಗಿದ ವಾರ, ಬೆಂಗಳೂರಿನ ಒಂದು ಸಂಸ್ಥೆಯವರು ನಮಗೆ ಆರು ಕಂಪ್ಯೂಟರ್ ತಂದುಕೊಟ್ಟರು. ಜೊತೆಗೆ ಒಂದು ಬ್ಯಾಟರಿ, ಆರು ಜೊತೆ ಸಣ್ಣ ಸ್ಪೀಕರ್, ಮತ್ತು ಅಕ್ಷರ ಗಿಳಿ ಎಂಬ ಆಟ. ತಂದವರು ಇದು ಮೌಸ್, ಅಂದರೆ ಇಲಿ ಎಂದು ಮಕ್ಕಳಿಗೆ ವಿವರಿಸುತ್ತಿದ್ದಾಗ ನಮ್ಮ ಬಿಸಿಯೂಟದ ಅಡುಗೆಯವರು ಬಾಗಿಲಲ್ಲಿ ನಿಂತಿದ್ದರು. ಮುಂದಿನ ಒಂದು ವಾರ ಅಕ್ಕಿ ಚೀಲವನ್ನು ಆ ಕೋಣೆಯಲ್ಲಿ ಇಡಲು ಅವರು ಒಪ್ಪಲಿಲ್ಲ.

ಆಟ ಹೀಗಿತ್ತು. ಪರದೆಯ ಮೇಲೆ ಒಂದು ಹಸಿರು ಗಿಳಿ ಬಂದು ಒಂದು ಪದ ಹೇಳುತ್ತದೆ. ಕಮಲ ಎನ್ನುತ್ತದೆ ಎಂದುಕೊಳ್ಳಿ. ಕೆಳಗೆ ಮೂರು ಪೆಟ್ಟಿಗೆ, ಒಂದೊಂದರಲ್ಲೂ ಒಂದೊಂದು ಪದ ಬರೆದಿರುತ್ತದೆ. ಕಮಲ ಎಂದು ಬರೆದ ಪೆಟ್ಟಿಗೆಯನ್ನು ಒತ್ತಬೇಕು. ಮಗುವಿಗೆ ಸಹಾಯವಾಗಲಿ ಎಂದು ಇನ್ನೊಂದು ಅನುಕೂಲ ಮಾಡಿದ್ದರು. ಬಾಣದ ಗುರುತನ್ನು ಪೆಟ್ಟಿಗೆಯ ಮೇಲೆ ಒಯ್ದರೆ ಆ ಪೆಟ್ಟಿಗೆಯೂ ತನ್ನ ಪದವನ್ನು ತಾನೇ ಹೇಳುತ್ತಿತ್ತು. ಸರಿಯಾಗಿ ಒತ್ತಿದರೆ ಗಿಳಿ ರೆಕ್ಕೆ ಬಡಿದು ಶಾಭಾಷ್ ಎನ್ನುತ್ತದೆ, ಒಂದು ಚುಕ್ಕಿ ಕೊಡುತ್ತದೆ.

ಬಂಧುಗಳೇ, ಆ ಗಿಳಿ ಬಂದ ಮೇಲೆ ನಮ್ಮ ಶಾಲೆಗೆ ಗೈರುಹಾಜರಿ ಎಂಬುದೇ ಇಲ್ಲವಾಯಿತು. ಜ್ವರ ಬಂದ ಮಕ್ಕಳೂ ಬಂದರು. ಮದುವೆಗೆ ಹೋದ ಮಕ್ಕಳು ಅಳುತ್ತಾ ವಾಪಸು ಬಂದರು. ಎಲ್ಲರಿಗಿಂತ ಮುಂದೆ ಹೋದವಳು ಎರಡನೇ ತರಗತಿಯ ಸೀಮಾ. ಮಾಳಿಂಗಪ್ಪ ಮತ್ತು ನಿಂಬೆವ್ವ ಎಂಬ ರೈತ ದಂಪತಿಯ ಮಗಳು. ಏಳು ವರ್ಷ, ಎರಡು ಜಡೆ, ಮಾತು ಕಡಿಮೆ. ದಸರೆಯ ಹೊತ್ತಿಗೆ ಸೀಮಾಳ ಹೆಸರಿನಲ್ಲಿ ಇನ್ನೂರು ಚುಕ್ಕಿ ಸೇರಿದ್ದವು. ನಿಂಬೆವ್ವ ಒಂದು ದಿನ ಡಬ್ಬಿಯ ತುಂಬ ಶೇಂಗಾ ಹೋಳಿಗೆ ತಂದು ನನ್ನ ಮುಂದಿಟ್ಟರು. "ಟೀಚರ್ರೀ, ಹುಡುಗೀಗಿ ದೃಷ್ಟಿ ತೆಗದೀನ್ರಿ. ಎರಡು ನೂರು ಚುಕ್ಕಿ ಅಂದ್ರ ಸುಮ್ಮನ ಮಾತಲ್ಲ. ನಮ್ಮ ಮನಿತನದಾಗ ಯಾರೂ ಓದಿದವರಿಲ್ರಿ. ಇಕಿ ಓದಾಕತ್ಯಾಳ," ಅಂದರು.

"ಓದಾಕತ್ಯಾಳ ನಿಂಬೆವ್ವಾ. ಛಲೋ ಓದಾಕತ್ಯಾಳ," ಅಂದೆ ನಾನು. ಹೋಳಿಗೆ ತಿಂದೆ.

ಅದೇ ವಾರ ನಾನು ಇಲಾಖೆಗೂ ಸಂಸ್ಥೆಗೂ ಒಂದು ವರದಿ ಬರೆದೆ. ಮೂವತ್ತನಾಲ್ಕು ಮಕ್ಕಳಲ್ಲಿ ಮೂವತ್ತೊಂದು ಮಕ್ಕಳು ಸರಳ ಪದಗಳನ್ನು ಸ್ವತಂತ್ರವಾಗಿ ಓದುತ್ತಾರೆ ಎಂದು ಬರೆದು ಸಹಿ ಮಾಡಿದೆ. ಯಾವ ಆಧಾರದ ಮೇಲೆ? ಚುಕ್ಕಿಗಳ ಆಧಾರದ ಮೇಲೆ. ಒಂದು ಮಗುವನ್ನಾದರೂ ಪಕ್ಕಕ್ಕೆ ಕೂರಿಸಿಕೊಂಡು ಓದಿಸಿ ನೋಡಿದ್ದೆನೇ? ಇಲ್ಲ. ಯಾಕೆ ನೋಡಲಿಲ್ಲ? ಇದಕ್ಕೆ ಪುರುಸೊತ್ತಿರಲಿಲ್ಲ ಎಂದು ಉತ್ತರ ಬರೆದುಕೊಂಡು ಬಂದಿದ್ದೇನೆ. ಆದರೆ ಇಲ್ಲಿ ನಿಂತ ಮೇಲೆ ಅದು ನಿಜವಲ್ಲ ಅನ್ನಿಸುತ್ತಿದೆ. ವರದಿ ಹೋದ ಮೇಲೆ ನನ್ನನ್ನು ತಾಲೂಕಿನ ಸಭೆಗೆ ಕರೆದರು. ಮೊದಲ ಸಾಲಿನಲ್ಲಿ ಕುರ್ಚಿ ಕೊಟ್ಟರು. ಹಿರಿಯರೊಬ್ಬರು ನನ್ನ ಹೆಸರು ಹಿಡಿದು ಮೇಡಂ ಎಂದರು, ಸ್ವತಃ ಚಹಾ ಕೈಗಿತ್ತರು. ನಮ್ಮ ಓಣಿಯಿಂದ ಬಂದವರಿಗೆ ಆ ಕುರ್ಚಿ, ಆ ಚಹಾ ಅಂದರೇನು ಎಂದು ಬಲ್ಲವರು ಬಲ್ಲರು. ಅದು ಸಿಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ನಾನು ಪರೀಕ್ಷಿಸಿ ನೋಡಲಿಲ್ಲ. ಇರಲಿ.

ಆ ಸಭೆಯಲ್ಲಿಯೇ ಒಂದು ತೀರ್ಮಾನವಾಯಿತು. ಡಿಸೆಂಬರ್ ತಿಂಗಳಲ್ಲಿ ಮೂರೂ ತಾಲೂಕುಗಳ ಅಧಿಕಾರಿಗಳು ಮತ್ತು ಸಂಸ್ಥೆಯವರು ನಮ್ಮ ಶಾಲೆಗೆ ಬಂದು ಮಕ್ಕಳ ಆಟ ನೋಡುವುದು, ಅಂದೇ ಅರವತ್ತು ಶಾಲೆಗಳಿಗೆ ಅದೇ ಆಟ ಕೊಡುವುದನ್ನು ನಿರ್ಧರಿಸುವುದು.

ಅವರು ಬರುವುದಕ್ಕೆ ಇನ್ನೂ ಒಂಬತ್ತು ದಿನವಿತ್ತು. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಒಂದು ದಿನ ಬ್ಯಾಟರಿಯ ಮೇಲೆ ನಡೆಯಿತು, ಎರಡನೆಯ ದಿನ ಬ್ಯಾಟರಿಯೂ ಕೈಕೊಟ್ಟಿತು. ಮೂರನೆಯ ದಿನ ಮಕ್ಕಳು ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದರು. ಅವರನ್ನು ಖುಷಿಪಡಿಸೋಣ ಎಂದು ನಾನು ಗಿಳಿ ಹೇಳುವ ಹತ್ತು ಪದಗಳನ್ನೇ ಕಪ್ಪುಹಲಗೆಯ ಮೇಲೆ ಬರೆದು, "ಬಾ ಸೀಮಾ, ಮೊದ್ಲ ನೀನ ಓದು," ಅಂದೆ.

ಮೊದಲ ಪದ ಕಮಲ. ಸೀಮಾ ಬಹಳ ಹೊತ್ತು ನೋಡಿದಳು. "ಕತ್ತರಿ," ಅಂದಳು.

ಎರಡನೆಯದು ಬಳಪ. "ಬಸ್ಸು," ಅಂದಳು.

ಮೂರನೆಯ ಪದಕ್ಕೆ ಅವಳು ಹಲಗೆಯನ್ನು ನೋಡಲೇ ಇಲ್ಲ. ತಿರುಗಿ ನನ್ನ ತುಟಿಗಳನ್ನು ನೋಡಿದಳು. ನಾನು ಏನನ್ನಾದರೂ ಹೇಳಲು ಶುರುಮಾಡಿದರೆ ಸಾಕು, ಹಿಡಿದುಬಿಡುತ್ತೇನೆ ಎನ್ನುವ ಹಾಗೆ. ಉಳಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದೆ. ಮೂವತ್ತನಾಲ್ಕರಲ್ಲಿ ಓದಿದವರು ಐದು ಮಂದಿ. ಆ ಐವರಿಗೆ ಗಿಳಿ ಬರುವ ಮೊದಲೇ ಓದಲು ಬರುತ್ತಿತ್ತು.

ಆಗ ನನಗೆ ತಿಳಿಯಿತು. ನಮ್ಮ ಮಕ್ಕಳು ಮೂರು ಪೆಟ್ಟಿಗೆಗಳ ಮೇಲೂ ಬಾಣ ಓಡಿಸುತ್ತಿದ್ದರು, ಗಿಳಿ ಹೇಳಿದ ದನಿ ಯಾವ ಪೆಟ್ಟಿಗೆಯಿಂದ ಬಂತೋ ಅದನ್ನು ಒತ್ತುತ್ತಿದ್ದರು. ಕಿವಿಯಿಂದ ಆಡುತ್ತಿದ್ದರು. ಕಣ್ಣಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಅವರು ಮೋಸ ಮಾಡಲಿಲ್ಲ ಬಂಧುಗಳೇ. ನಾವು ಬಾಗಿಲು ತೆರೆದಿಟ್ಟಿದ್ದೆವು, ಅವರು ಬಂದರು, ಅಷ್ಟೇ.

ಸೀಮಾಳ ಆ ನೋಟ ಮಾತ್ರ ನನ್ನನ್ನು ಬಿಡಲಿಲ್ಲ. ಆ ನೋಟ ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂಬುದನ್ನು ನಾನು ಇದುವರೆಗೆ ಯಾವ ಸಭೆಯಲ್ಲಿಯೂ ಹೇಳಿಲ್ಲ. ಮನೆಯಲ್ಲಿಯೂ ಹೇಳಿಲ್ಲ. ಇವತ್ತೂ ಬರೆದುಕೊಂಡು ಬಂದಿಲ್ಲ.

ನಾನು ಮೂರನೇ ತರಗತಿಯವರೆಗೆ ಒಂದು ಸಾಲನ್ನೂ ಓದಲು ಬಾರದೆ ತರಗತಿಗೆ ಮೊದಲಿಗಳಾಗಿದ್ದೆ. ನಮ್ಮ ಓಣಿಯ ದೊಡ್ಡ ಹುಡುಗಿಯರು ಸಂಜೆ ಕಟ್ಟೆಯ ಮೇಲೆ ಕುಳಿತು ಪಾಠಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದು ಸಲ ಕೇಳಿದ್ದು ನನ್ನ ಕಿವಿಗೆ ಅಂಟಿಕೊಳ್ಳುತ್ತಿತ್ತು. ಶಾಲೆಯಲ್ಲಿ ಪುಸ್ತಕ ಹಿಡಿದು, ಸಾಲಿನ ಕೆಳಗೆ ಬೆರಳು ಓಡಿಸುತ್ತ, ಪುಟ ತಿರುವುವ ಜಾಗದಲ್ಲಿ ಸರಿಯಾಗಿ ತಿರುವುತ್ತ ಹೇಳಿಬಿಡುತ್ತಿದ್ದೆ. ಹುಲೆಪ್ಪನ ಮಗಳು ಭಾರಿ ಚುರುಕು ಎಂದು ಊರೆಲ್ಲ ಹೆಸರಾಯಿತು. ಹೆಸರಾದ ಮೇಲೆ, ನನಗೆ ಬರುವುದಿಲ್ಲ ಎಂದು ಯಾರಿಗೆ ಹೇಳುವುದು? ಎಂಟು ವರ್ಷದ ಹುಡುಗಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ನಮ್ಮ ಅಪ್ಪ ಹುಲೆಪ್ಪ ಕೂಲಿಕಾರ. ಅಕ್ಷರ ಗೊತ್ತಿರಲಿಲ್ಲ. ಆ ವರ್ಷ ಯಾರೋ ಪುಣ್ಯಾತ್ಮರು ಜೇವರ್ಗಿಯ ಒಂದು ವಿದ್ಯಾರ್ಥಿ ನಿಲಯದಲ್ಲಿ ಕಾವಲುಗಾರನ ಕೆಲಸವಿದೆ, ಇಂಥ ದಿನ ಹನ್ನೊಂದು ಗಂಟೆಯೊಳಗೆ ಬಂದು ಹೆಸರು ಬರೆಸಬೇಕು ಎಂದು ಹೇಳಿ ಕಳಿಸಿದ್ದರು. ತಿಂಗಳ ಸಂಬಳದ ಕೆಲಸ. ಅಪ್ಪ ಒಗೆದ ಅಂಗಿ ಹಾಕಿಕೊಂಡ. ನನ್ನನ್ನೂ ಕರೆದುಕೊಂಡು ಹೊರಟ. ಅಲ್ಲಿ ಏನಾದರೂ ಓದುವುದಿದ್ದರೆ ಮಗಳಿದ್ದಾಳೆ ಎಂಬ ಧೈರ್ಯ. ನೆಲೋಗಿಯಲ್ಲಿ ಜನ ತುಂಬಿದ ಒಂದು ಬಸ್ಸು ನಿಂತಿತ್ತು. "ಪಂಚಾ, ಬೋರ್ಡ್ ಓದವ್ವ," ಅಂದ. ನಾನು ನೋಡಿದೆ. ಮೊದಲ ಅಕ್ಷರ ಜೇ ಎಂದು ಗುರುತು ಸಿಕ್ಕಿತು. ಅದೊಂದು ಅಕ್ಷರ ನನಗೆ ಗೊತ್ತಿತ್ತು. "ಜೇವರ್ಗಿ ಅಪ್ಪ," ಅಂದೆ. ಅಪ್ಪ ಬೇರೆ ಯಾರನ್ನಾದರೂ ಕೇಳಬಹುದಿತ್ತು. ಓದುವ ಮಗಳನ್ನು ಕೈಯಲ್ಲಿ ಹಿಡಿದುಕೊಂಡು ಇನ್ನೊಬ್ಬರನ್ನು ಯಾಕೆ ಕೇಳುತ್ತಾನೆ?

ಅದು ಜೇರಟಗಿಯ ಬಸ್ಸು.

ಗದ್ದಲದಲ್ಲಿ ಕಂಡಕ್ಟರ್ ನಮ್ಮ ಹತ್ತಿರ ಬಂದು ಟಿಕೆಟ್ ಕೇಳುವಷ್ಟರಲ್ಲಿ ಬಸ್ಸು ಬಹಳ ದೂರ ಹೋಗಿತ್ತು. ಇಳಿದು ನೆಲೋಗಿಗೆ ನಡೆದು ಬಂದು ಬೇರೆ ಬಸ್ಸು ಹಿಡಿದೆವು. ಜೇವರ್ಗಿ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಹೆಸರು ಬರೆಸಿಕೊಳ್ಳುವುದು ಮುಗಿದಿತ್ತು. ವಾಪಸು ಬರುವಾಗ ಅಪ್ಪ ಒಂದೇ ಮಾತು ಕೇಳಿದ. "ಓದಾಕ ಬರಂಗಿಲ್ಲೇನವ್ವಾ?" ಅಂದ. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಸ್ವಲ್ಪ ದೂರ ನಡೆದ ಮೇಲೆ, "ನನಗೂ ಬರಂಗಿಲ್ಲ. ಅಂಜಬ್ಯಾಡ. ನಾಳಿ ಹೊಸಾ ಟೀಚರಿಗಿ ಹೇಳೋಣು," ಅಂದ. ಮನೆಗೆ ಬಂದು ಅವ್ವನಿಗೆ, "ಬಸ್ಸೇ ಬರ್ಲಿಲ್ಲ," ಎಂದು ಹೇಳಿದ.

ಅವ್ವಾ, ಅವತ್ತ ಬಸ್ ಬಂದಿತ್ತು. ನಾ ತಪ್ಪು ಓದೀನಿ. ಅಪ್ಪ ನನ್ನ ಹೆಸರ ಉಳಸ್ಲಾಕ ನಿನಗ ಸುಳ್ಳ ಹೇಳಿದ್ದ. ಎಂಟು ವರ್ಷದ ಹಿಂದ ಅಪ್ಪ ಹೋದಾಗ ಹೇಳಬೇಕಂದೆ, ಬಾಯಿ ಬರ್ಲಿಲ್ಲ. ಈಗ ಹೇಳೀನಿ.

ಕ್ಷಮಿಸಿ. ಸ್ವಲ್ಪ ನೀರು ಕುಡಿಯುತ್ತೇನೆ.

ಮರುದಿನ ಅಪ್ಪ ಕೂಲಿ ಬಿಟ್ಟು ನನ್ನ ಜೊತೆ ಶಾಲೆಗೆ ಬಂದ. ಆ ಹೊಸ ಟೀಚರೇ ಇಲ್ಲಿ ಕುಳಿತಿರುವ ಅಮೀರುನ್ನಿಸಾ ಟೀಚರ್. ಅವರ ಮನೆಮಾತು ಉರ್ದು. ಕನ್ನಡವನ್ನು ದೊಡ್ಡವರಾದ ಮೇಲೆ ಕಲಿತವರು. ಅವರು ನನಗೆ ಬಯ್ಯಲಿಲ್ಲ. ನನಗೆ ಬಾಯಿಪಾಠವಿದ್ದ ಪುಟವನ್ನೇ ತೆರೆದು, "ಹಿಂದಿನಿಂದ ಓದು ಬೇಟಾ. ಕೊನೀ ಶಬ್ದ ಮೊದ್ಲ," ಅಂದರು. ಸಾಲನ್ನು ಕೊನೆಯಿಂದ ಶುರುಮಾಡಿದರೆ ನನ್ನ ಕಿವಿಯ ನೆನಪು ಕೆಲಸಕ್ಕೆ ಬರಲಿಲ್ಲ. ಕಣ್ಣಿನಿಂದಲೇ ನೋಡಬೇಕಾಯಿತು. ಒಂದೊಂದು ಅಕ್ಷರ, ಒಂದೊಂದು ಗುಣಿತ, ಒಂದೊಂದು ಒತ್ತು. "ನಂಗೂ ಕನ್ನಡ ಹಿಂಗೇ ಬಂದದ್ದು," ಅನ್ನುತ್ತಿದ್ದರು. ನಾಲ್ಕು ತಿಂಗಳು ಹಿಡಿಯಿತು. ನಾನು ಇಂದು ಶಿಕ್ಷಕಿಯಾಗಿ ನಿಂತಿರುವುದು ಆ ನಾಲ್ಕು ತಿಂಗಳ ಮೇಲೆ.

ಈಗ ನನ್ನ ಮುಂದೆ ಸೀಮಾ ನಿಂತಿದ್ದಳು. ಇನ್ನೂರು ಚುಕ್ಕಿಯ ಸೀಮಾ. ನಾನೇನು ಮಾಡಬೇಕಿತ್ತು?

ಶಂಕರಲಿಂಗ ಸರ್ ಒಳ್ಳೆಯವರು, ನನ್ನ ಬಗ್ಗೆ ಕಾಳಜಿ ಇರುವವರು. ವಿಷಯ ಕೇಳಿ ಎದ್ದು ಬಾಗಿಲು ಮುಂದಕ್ಕೆಳೆದರು. ಆಮೇಲೆ, "ಮೇಡಮ್ರೀ, ಬರೋ ಮಂದಿ ಬಂದು ಹೋಗ್ಲಿ. ಆಟ ಆಡ್ತಾವ ಮಕ್ಳು, ಅವ್ರು ನೋಡ್ತಾರ. ಆಮ್ಯಾಲ ನಾವ ಕಲಸೋಣು. ಇದರಾಗ ಯಾರಿಗಿ ಲುಕ್ಸಾನ?" ಅಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನಾನು ಇಡೀ ಮಧ್ಯಾಹ್ನ ತೆಗೆದುಕೊಂಡೆ, ಯಾಕೆಂದರೆ ಆ ಮಾತು ನನಗೆ ಬೇಕಾಗಿತ್ತು. ಕೊನೆಗೆ ಅರವತ್ತು ಶಾಲೆಗಳು ಕಣ್ಣ ಮುಂದೆ ಬಂದವು. ಒಂದೊಂದರಲ್ಲಿ ನನ್ನ ಹಾಗೆ ಒಬ್ಬರು ಶಿಕ್ಷಕಿ, ಒಂದೊಂದರಲ್ಲಿ ಇದೇ ವರದಿ. ಚೌಡಾಪುರದ ಒಂದು ಮಗು, ಕಿಣ್ಣಿ ಸುಲ್ತಾನದ ಒಂದು ಮಗು, ಮೊದಲ ಅಕ್ಷರ ಹಿಡಿದು ಬಸ್ಸು ಹತ್ತುವ ಮಗು.

ಅಂದು ಸಂಜೆ ಮೊದಲು ನಿಂಬೆವ್ವನ ಮನೆಗೆ ಹೋದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಸೀಮಾಳಿಗೆ ಓದಲು ಬರುವುದಿಲ್ಲ, ತಪ್ಪು ನನ್ನದು ಎಂದು ಹೇಳಿದೆ. ಬಡಿಯುತ್ತಿದ್ದ ಕೈ ನಿಂತಿತು.

"ನೀವ ಹೇಳಿದ್ರಲ್ರಿ, ಓದಾಕತ್ಯಾಳಂತ."

"ಹೌದು ನಿಂಬೆವ್ವಾ. ನೋಡದ ಹೇಳೀನಿ."

"ನಾ ಊರ ತುಂಬ ಹೇಳ್ಕೊಂಡು ತಿರಗೀನ್ರಿ. ತವರಮನಿಗಿ ಫೋನ್ ಹಚ್ಚಿ ಹೇಳೀನಿ." ಸುಟ್ಟುಹೋಗುತ್ತಿದ್ದ ರೊಟ್ಟಿಯನ್ನು ತೆಗೆದು ಪಕ್ಕಕ್ಕೆ ಹಾಕಿದರು. ಆಮೇಲೆ, "ನೀವು ಖರೇ ಹೇಳ್ಕೋರಿ, ಬ್ಯಾಡಂಗಿಲ್ಲ. ಆದ್ರ ಅಷ್ಟು ಮಂದಿ ಮುಂದ ನನ್ನ ಮಗಳ ಮಾರಿ ಕೆಳಗ ಮಾಡಬ್ಯಾಡ್ರಿ. ಆಕಿ ಏನ ತಪ್ಪ ಮಾಡ್ಯಾಳ?" ಅಂದರು.

ಆ ಮಾತೇ ನನಗೆ ದಾರಿ ತೋರಿಸಿತು ಬಂಧುಗಳೇ. ಸತ್ಯ ಹೇಳಬೇಕು, ಮಗುವನ್ನು ನಿಲ್ಲಿಸಿ ಹೇಳಬಾರದು. ಹಾಗಾದರೆ ಯಾರನ್ನು ನಿಲ್ಲಿಸಬೇಕು?

ಡಿಸೆಂಬರಿನ ಆ ದಿನ ಬಂತು. ಟ್ರಾನ್ಸ್‌ಫಾರ್ಮರ್ ಹಿಂದಿನ ದಿನವಷ್ಟೇ ರಿಪೇರಿಯಾಗಿ ಕರೆಂಟು ಬಂದಿತ್ತು. ಆರು ಜೀಪು, ಎರಡು ಕಾರು. ಶಾಲೆಗೆ ತೋರಣ. ಸಂಸ್ಥೆಯ ಪರವಾಗಿ ಬಂದವರು ಇಲ್ಲಿ ವೇದಿಕೆಯ ಮೇಲಿರುವ ಮೈತ್ರಿ ಮೇಡಂ. ಆ ಆಟವನ್ನು ತಯಾರಿಸಿದ ಎಂಜಿನಿಯರ್ ಅವರೇ. ಎಲ್ಲರೂ ಕುಳಿತ ಮೇಲೆ ಹಿರಿಯ ಅಧಿಕಾರಿಗಳು ಎರಡು ನೂರು ಚುಕ್ಕಿಯ ಹುಡುಗಿಯನ್ನು ಕರೆಯಿರಿ ಎಂದರು. ನಾನು, "ಸರ್, ಮೊದಲು ನಾನು ಆಡುತ್ತೇನೆ," ಎಂದು ಮಕ್ಕಳ ಮಣೆಯ ಮೇಲೆ ಕುಳಿತೆ. ಆ ಆಟ ಆರು ಭಾಷೆಗಳಲ್ಲಿತ್ತು. ನಾನು ಕನ್ನಡ ತೆಗೆದು ಒಡಿಯಾ ಭಾಷೆ ಹಾಕಿದೆ. ಒಡಿಯಾ ನನಗೆ ಬರುತ್ತದೆಯೇ? ಒಂದಕ್ಷರ ಬರುವುದಿಲ್ಲ. ಗಿಳಿ ಏನೋ ಹೇಳಿತು. ನಾನು ಮೂರು ಪೆಟ್ಟಿಗೆಗಳ ಮೇಲೆ ಬಾಣ ಓಡಿಸಿದೆ, ಅದೇ ದನಿ ಬಂದದ್ದನ್ನು ಒತ್ತಿದೆ. ಶಾಭಾಷ್. ಮತ್ತೊಂದು. ಶಾಭಾಷ್. ಹತ್ತಕ್ಕೆ ಹತ್ತು ಚುಕ್ಕಿ ಬಂದವು. ಅತಿಥಿಗಳು ಚಪ್ಪಾಳೆ ತಟ್ಟಿದರು. ಒಬ್ಬರು, "ಮೇಡಮ್ರಿಗಿ ಒಡಿಯಾನೂ ಬರ್ತದ," ಅಂದರು.

ನಾನು ಎದ್ದು ಸ್ಪೀಕರಿನ ವೈರು ಕಿತ್ತೆ. ಗಿಳಿ ಬಾಯಿ ತೆರೆಯಿತು, ದನಿ ಬರಲಿಲ್ಲ. ಪೆಟ್ಟಿಗೆಗಳೂ ಸುಮ್ಮನಾದವು. "ಈಗ ನನಗೆ ಒಂದನ್ನೂ ಒತ್ತಲು ಬರುವುದಿಲ್ಲ. ನಮ್ಮ ಮಕ್ಕಳಿಗೂ ಕನ್ನಡ ಇಷ್ಟೇ ಬರುತ್ತದೆ. ಮಕ್ಕಳ ತಪ್ಪಿಲ್ಲ. ನನ್ನ ವರದಿ ತಪ್ಪು. ಮೂವತ್ತೊಂದು ಅಲ್ಲ, ಐದು," ಎಂದೆ.

ಹಿರಿಯ ಅಧಿಕಾರಿಗಳು, "ಇದನ್ನು ಮೊದಲೇ ಹೇಳಬೇಕಿತ್ತಲ್ಲ ಮೇಡಂ," ಎಂದಷ್ಟೇ ಹೇಳಿ ಎದ್ದರು. ಅವರು ಹೇಳಿದ್ದು ನ್ಯಾಯ. ಮೈತ್ರಿ ಮೇಡಂ ಮುಖ ಕೆಂಪಾಗಿತ್ತು. ನನ್ನ ಜೊತೆ ಮಾತಾಡದೆ ಕಾರು ಹತ್ತಿದರು. ಅರವತ್ತು ಶಾಲೆಯ ತೀರ್ಮಾನ ಅಲ್ಲಿಗೇ ನಿಂತುಹೋಯಿತು. ಹತ್ತು ದಿನದಲ್ಲಿ ತಪ್ಪು ವರದಿಗೆ ಕಾರಣ ಕೇಳಿ ನನಗೆ ನೋಟಿಸ್ ಬಂತು. ಉತ್ತರವನ್ನು ಕಾರಣ ಹೇಳದೆ, ತಪ್ಪು ಒಪ್ಪಿಕೊಂಡು ಬರೆದೆ. ಊರಲ್ಲಿ ಕೆಲವರು ಕಂಪ್ಯೂಟರ್ ವಾಪಸು ಹೋಗುತ್ತವೆ, ಎಲ್ಲ ಈ ಟೀಚರಿಂದ ಎಂದು ಆಡಿಕೊಂಡರು.

ಕಂಪ್ಯೂಟರ್ ವಾಪಸು ಹೋಗಲಿಲ್ಲ. ಜನವರಿ ಮೊದಲ ವಾರ ಬೆಳಿಗ್ಗೆ ಬಸ್ಸಿಳಿದು, ಬೆನ್ನಿಗೆ ಚೀಲ ಹಾಕಿಕೊಂಡು ಮೈತ್ರಿ ಮೇಡಂ ಒಬ್ಬರೇ ನಡೆದು ಬಂದರು. "ಅವತ್ತು ನನಗೆ ಬಹಳ ಸಿಟ್ಟು ಬಂದಿತ್ತು. ಮನೆಗೆ ಹೋಗಿ ನಾನೂ ಒಡಿಯಾದಲ್ಲಿ ಆಡಿ ನೋಡಿದೆ. ನನಗೂ ಹತ್ತಕ್ಕೆ ಹತ್ತು ಬಂತು," ಅಂದರು. ಎರಡು ವಾರ ನಮ್ಮೂರಲ್ಲಿ ಉಳಿದರು. ಮಕ್ಕಳ ಜೊತೆ ನೆಲದ ಮೇಲೆ ಕುಳಿತು, ಯಾವ ಮಗುವಿನ ಕಣ್ಣು ಎಲ್ಲಿ ಹೋಗುತ್ತದೆ, ಯಾವ ಮಗು ಎಲ್ಲಿ ಎಡವುತ್ತದೆ ಎಂದು ಬರೆದುಕೊಂಡರು. ಅವರನ್ನು ಜೇವರ್ಗಿಗೆ ಕರೆದೊಯ್ದು, ಅಲ್ಲಿ ನೆಲೆಸಿರುವ ಅಮೀರುನ್ನಿಸಾ ಟೀಚರ್ ಮುಂದೆ ಕೂರಿಸಿದೆ. ಟೀಚರ್ ಅವರಿಗೆ ಚಹಾ ಕೊಟ್ಟು ಹೇಳಿದ್ದು ಇಷ್ಟೇ. "ನಿಮ್ಮ ಗಿಳಿಗಿ ಹೇಳ್ರಿ, ಮಗು ಓದೋತನಕ ಚುಪ್ ಕೂಡು ಅಂತ."

ಹೊಸ ಆಟ ಹುಟ್ಟಿದ್ದು ಆ ಒಂದು ಮಾತಿನಿಂದ. ಈಗ ಗಿಳಿ ಮೊದಲು ಮಾತಾಡುವುದಿಲ್ಲ. ಪದ ಬರುತ್ತದೆ, ಸದ್ದಿಲ್ಲ. ಮಗು ಅಕ್ಷರಗಳನ್ನು ಒಂದೊಂದಾಗಿ ಎಳೆದು ತಾನೇ ಪದ ಕಟ್ಟಬೇಕು, ತಾನೇ ಹೇಳಿಕೊಳ್ಳಬೇಕು, ಆಮೇಲೆ ಅದಕ್ಕೆ ತಕ್ಕ ಚಿತ್ರ ಹುಡುಕಬೇಕು. ಎಲ್ಲ ಮುಗಿದ ಮೇಲೆ ಗಿಳಿ ಪದ ಹೇಳುತ್ತದೆ, ತನ್ನ ಓದು ಸರಿಯೇ ಎಂದು ಮಗು ಕೇಳಿ ನೋಡಿಕೊಳ್ಳುತ್ತದೆ. ಮೊದಲ ಅಕ್ಷರ ನೋಡಿ ಊಹಿಸಿದರೆ ಇಲ್ಲಿ ನಡೆಯುವುದಿಲ್ಲ. ಬಳೆ ಮತ್ತು ಬಲೆ, ಹಾಲು ಮತ್ತು ಹಾವು, ಕಾಲು ಮತ್ತು ಕಾರು, ಇಂಥವೇ ಜೋಡಿಗಳು ಒಟ್ಟಿಗೆ ಬರುತ್ತವೆ. ತಪ್ಪಾದರೆ ಗಿಳಿ ಬಯ್ಯುವುದಿಲ್ಲ, ತಪ್ಪಿದ ಗುಣಿತವನ್ನಷ್ಟೇ ಬಣ್ಣ ಮಾಡಿ ತೋರಿಸುತ್ತದೆ. ಮತ್ತು ಬಂಧುಗಳೇ, ವಾರಕ್ಕೊಮ್ಮೆ ಆಟ ತಾನೇ ನಿಲ್ಲುತ್ತದೆ. ಟೀಚರ್, ಈಗ ಪುಸ್ತಕ ತೆಗೆದು ಪಕ್ಕಕ್ಕೆ ಕೂರಿಸಿಕೊಂಡು ಓದಿಸಿ ಎಂದು ಬರಹ ಬರುತ್ತದೆ. ಓದಿಸಿದೆ ಎಂದು ಶಿಕ್ಷಕರು ಗುರುತು ಹಾಕುವ ತನಕ ಮುಂದೆ ಹೋಗುವುದಿಲ್ಲ. ಇದನ್ನು ಸೇರಿಸಿ ಎಂದು ಕೇಳಿದವಳು ನಾನು. ಅದು ನನಗೋಸ್ಕರ.

ಮೊದಲ ತಿಂಗಳು ಮಕ್ಕಳು ಹೊಸ ಆಟವನ್ನು ದ್ವೇಷಿಸಿದರು. ಚುಕ್ಕಿಗಳು ಬರಲಿಲ್ಲ. ಸೀಮಾ ಅಂತೂ ಮೂರು ದಿನ ಕಂಪ್ಯೂಟರಿನ ಕೋಣೆಗೇ ಬರಲಿಲ್ಲ. ನಾನು ಅವಳ ಪಕ್ಕ ಕುಳಿತು, ನಿನ್ನಷ್ಟಿದ್ದಾಗ ನನಗೂ ಬರುತ್ತಿರಲಿಲ್ಲ ಎಂದೆ. ಅವಳು ನಂಬಲಿಲ್ಲ. "ಸುಳ್ಳ ಹೇಳಬ್ಯಾಡ್ರಿ ಟೀಚರ್," ಅಂದಳು. ಆದರೆ ಮರುದಿನ ಬಂದಳು. ಕ, ಮ, ಲ. ದಿನಕ್ಕೆ ನಾಲ್ಕು ಪದ, ಆರು ಪದ. ಬೇಸಿಗೆ ರಜೆ ಕಳೆದು ಶಾಲೆ ಶುರುವಾದಾಗ ಗುಣಿತಗಳು ತಲೆಯಲ್ಲಿ ಕುಳಿತಿದ್ದವು. ದೀಪಾವಳಿ ಹೊತ್ತಿಗೆ ಒತ್ತಕ್ಷರಗಳ ಜೊತೆ ಕುಸ್ತಿ ಹಿಡಿದಿದ್ದಳು.

ಕಳೆದ ಫೆಬ್ರುವರಿಯಲ್ಲಿ ಪರೀಕ್ಷೆ ಇಟ್ಟೆವು. ಈ ಸಲ ಪರೀಕ್ಷಿಸುವವರು ನಾನಲ್ಲ, ಮೈತ್ರಿ ಮೇಡಂ ಅಲ್ಲ. ಬೇರೆ ತಾಲೂಕಿನ ಶಿಕ್ಷಕರನ್ನೇ ಕಳಿಸಿ ಎಂದು ನಾನೇ ಪತ್ರ ಬರೆದಿದ್ದೆ. ಅಫಜಲಪುರದಿಂದ ಇಬ್ಬರು ಬಂದರು, ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಿಂದ ಇರಮ ಎಂಬ ಶಿಕ್ಷಕಿ ಬಂದರು. ಪಠ್ಯಪುಸ್ತಕ ಮುಟ್ಟುವುದಿಲ್ಲ, ಬಸ್ಸಿನಲ್ಲಿ ಕುಳಿತು ನಾನೇ ಒಂದು ಕಥೆ ಬರೆದು ತಂದಿದ್ದೇನೆ, ಇದನ್ನು ಈ ಭೂಮಿಯ ಮೇಲೆ ಇನ್ನೂ ಯಾರೂ ಕೇಳಿಲ್ಲ ಎಂದರು ಇರಮ ಟೀಚರ್. ನನ್ನನ್ನು ವರಾಂಡಕ್ಕೆ ಕಳಿಸಿದರು. ಕಿಟಕಿಯ ಹೊರಗೆ ನಿಂತೆ. ನಿಂಬೆವ್ವ ಹೊಲದಿಂದ ಹಾಗೇ ಬಂದು ನನ್ನ ಪಕ್ಕ ನಿಂತರು.

ಸೀಮಾಳ ಸರದಿ ಬಂತು. ಕಾಗದ ಹಿಡಿದುಕೊಂಡಳು. ನಿಧಾನವಾಗಿ, ಪೆಟ್ಟಿಗೆ ಎತ್ತಿ ಇಡುವವರ ಹಾಗೆ ಒಂದೊಂದು ಪದ ಓದಿದಳು. ಎರಡು ಸಾಲು ದಾಟಿದಳು. ಮೂರನೆಯ ಸಾಲಿಗೆ ಬಂದು ನಿಂತಳು. ಕಾಡಿನ ಅಂಚಿನಲ್ಲಿ ಒಂದು ಎಂದು ಓದಿ ಮುಂದಿನ ಪದಕ್ಕೆ ನಿಂತುಬಿಟ್ಟಳು. ಮೊದಲೆರಡು ಅಕ್ಷರ ಕ ಮತ್ತು ಡ. ಅವಳಿಗೆ ಕಡಲಿ ಗೊತ್ತು, ಕಡಬು ಗೊತ್ತು. ನಾನು ಕಿಟಕಿಯ ಸರಳನ್ನು ಹಿಡಿದುಕೊಂಡಿದ್ದೆ. ಅವಳು ತಲೆ ಎತ್ತಿ ಇರಮ ಟೀಚರ್ ತುಟಿ ನೋಡುತ್ತಾಳೇನೋ ಎಂದು ಕಾಯುತ್ತಿದ್ದೆ. ನೋಡಬ್ಯಾಡ ಸೀಮಾ, ನೋಡಬ್ಯಾಡ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ.

ಅವಳು ತಲೆ ಎತ್ತಲಿಲ್ಲ. ಬೆರಳನ್ನು ಕಾಗದದ ಮೇಲೆ ಒತ್ತಿದಳು. "ಕ. ಡ. ವೆ. ಕಡವೆ," ಅಂದಳು. "ಕಾಡಿನ ಅಂಚಿನಲ್ಲಿ ಒಂದು ಕಡವೆ ನಿಂತಿತ್ತು." ಆಮೇಲೆ ತಲೆ ಎತ್ತಿ, "ಕಡವೆ ಅಂದ್ರ ಏನ್ರಿ ಟೀಚರ್?" ಎಂದು ಕೇಳಿದಳು.

ನಮ್ಮ ಸೀಮೆಯಲ್ಲಿ ಕಾಡೂ ಇಲ್ಲ, ಕಡವೆಯೂ ಇಲ್ಲ. ಆ ಪದವನ್ನು ಅವಳ ಕಿವಿ ಒಮ್ಮೆಯೂ ಕೇಳಿರಲಿಲ್ಲ. ಗಿಳಿ ಹೇಳಿರಲಿಲ್ಲ, ನಾನು ಹೇಳಿರಲಿಲ್ಲ, ಅವಳ ಅವ್ವ ಹೇಳಿರಲಿಲ್ಲ. ಅದು ಅವಳಿಗೆ ಕಾಗದದಿಂದಲೇ ಬಂದಿತ್ತು. ಹದಿನೈದು ವರ್ಷದ ನನ್ನ ಕೆಲಸದಲ್ಲಿ ಒಂದು ಮಗುವಿಗೆ ಅರ್ಥ ಗೊತ್ತಿಲ್ಲ ಎಂದು ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಇರಮ ಟೀಚರ್ ಕಾಗದದ ಹಿಂದೆ ಜಿಂಕೆಗಿಂತ ದೊಡ್ಡದಾದ, ಕೊಂಬಿನ ಒಂದು ಪ್ರಾಣಿಯ ಚಿತ್ರ ಬರೆದು ತೋರಿಸುತ್ತಿದ್ದರು. ಸೀಮಾ ಬಗ್ಗಿ ನೋಡುತ್ತಿದ್ದಳು.

ಅಂದು ಸಂಜೆ ಮೂವರೂ ಸಹಿ ಮಾಡಿದ ವರದಿಯಲ್ಲಿ, ಆ ಮೂವತ್ತನಾಲ್ಕು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಕ್ಕಳು ಹಿಂದೆಂದೂ ಕಾಣದ ಪುಟವನ್ನು ಓದಿದರು ಎಂದು ಬರೆದಿತ್ತು. ಇಪ್ಪತ್ತೊಂಬತ್ತು. ಉಳಿದ ಐವರ ಜೊತೆ ನಾನು ಈಗಲೂ ದಿನಾ ಕುಳಿತುಕೊಳ್ಳುತ್ತೇನೆ. ಅವರೂ ಬರುತ್ತಾರೆ. ಬಂದೇ ಬರುತ್ತಾರೆ. ಇಂದು ಅರವತ್ತು ಶಾಲೆಗಳಿಗೆ ಹೋಗುತ್ತಿರುವುದು ಆ ಆಟ. ಗೆದ್ದಿದ್ದೇವೆ ಎಂದು ಹೇಳಲು ಈ ಸಲ ನನಗೆ ಸಂಕೋಚವಿಲ್ಲ. ನಮ್ಮ ಮಕ್ಕಳು ಗೆದ್ದಿದ್ದಾರೆ.

ನನ್ನ ತಪ್ಪನ್ನು ಕ್ಷಮಿಸಿ ಮತ್ತೆ ಅವಕಾಶ ಕೊಟ್ಟ ಇಲಾಖೆಯ ಹಿರಿಯರಿಗೆ, ಸಿಟ್ಟು ಮಾಡಿಕೊಂಡು ಹೋಗಿ ನಡೆದುಕೊಂಡು ವಾಪಸು ಬಂದ ಮೈತ್ರಿ ಮೇಡಂ ಅವರಿಗೆ, ನೋಟಿಸ್ ಬಂದ ದಿನ ನನ್ನ ತರಗತಿಯನ್ನೂ ತಾವೇ ತೆಗೆದುಕೊಂಡ ಶಂಕರಲಿಂಗ ಸರ್ ಅವರಿಗೆ, ಅಮೀರುನ್ನಿಸಾ ಟೀಚರ್ ಅವರಿಗೆ, ಇಷ್ಟು ಹೊತ್ತು ಕೇಳಿದ ನಿಮಗೆ ನಾನು ಋಣಿ. ಒಂದು ಮಾತು ಉಳಿದಿದೆ, ಅದನ್ನು ಹೇಳಿ ಇಳಿಯುತ್ತೇನೆ.

ಆ ದಿನ ಕಿಟಕಿಯ ಹತ್ತಿರ ನಿಂಬೆವ್ವ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಮಗಳ ಮೇಲಿನ ಕಣ್ಣು ತೆಗೆಯದೆ, ಮೆಲ್ಲಗೆ, "ಈ ಸಲ ಖರೇನ್ರಿ ಟೀಚರ್?" ಅಂದರು.

"ಖರೇನ ನಿಂಬೆವ್ವಾ. ನೋಡಿ ಹೇಳಾಕತ್ತೇನಿ," ಅಂದೆ.

ಅವರು ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡು, ಫೋನ್ ತೆಗೆದು, ತವರುಮನೆಗೆ ಹಚ್ಚಿದರು.

ನಮಸ್ಕಾರ.